ಸಿಟ್ಟು ಹಿಡಿದುಕೊಂಡು ಡೆಕಾರ್ಟ್‌ನಿಂದ ಹ್ಯೂಮ್‌ವರೆಗೆ: ಬುದ್ಧಿ ಮತ್ತು ಭಾವದ ಬಗ್ಗೆ ಓದಲು ಒಂದು ದಾರಿ

ಬುದ್ಧಿ ದೊಡ್ಡದೋ ಭಾವ ದೊಡ್ಡದೋ ಎಂಬ ಜಗಳಕ್ಕೆ ಯುರೋಪಿನ ತತ್ವಜ್ಞಾನಿಗಳನ್ನು ಸಾಕ್ಷಿಗೆ ಕರೆಯುವುದು ಸುಲಭ. ಡೆಕಾರ್ಟ್ ಬುದ್ಧಿಯ ಪಕ್ಷ, ಹ್ಯೂಮ್ ಭಾವದ ಪಕ್ಷ. ಇಬ್ಬರದ್ದೂ ಒಂದೊಂದು ಸಾಲು ಎತ್ತಿಕೊಂಡರೆ ಚರ್ಚೆ ಮುಗಿಯಿತು. ಆದರೆ ಪುಸ್ತಕಗಳನ್ನೇ ತೆರೆದು ನೋಡಿದರೆ ಈ ಪಕ್ಷ ಹಂಚಿಕೆ ನಿಲ್ಲುವುದಿಲ್ಲ.

1640ರಿಂದ 1740ರವರೆಗಿನ ಆ ನೂರು ವರ್ಷದಲ್ಲಿ ಇವರೆಲ್ಲ ತಲೆ ಕೆಡಿಸಿಕೊಂಡದ್ದು ಬೇರೆ ಪ್ರಶ್ನೆಗೆ. ಸಿಟ್ಟೋ ಭಯವೋ ದುಃಖವೋ ಬಂದು ಕೂತ ಮೇಲೆ ಬುದ್ಧಿಗೆ ಮಾಡಲು ಏನು ಉಳಿದಿರುತ್ತದೆ? ಸುಮ್ಮನಿರು ಎಂದು ಗದರಿಸಿದರೆ ಸಿಟ್ಟು ಸುಮ್ಮನಾಗುವುದಿಲ್ಲ. ಇದನ್ನು ನಾವು ಓದಲಿರುವ ಎಲ್ಲರೂ ಒಪ್ಪುತ್ತಾರೆ, ಡೆಕಾರ್ಟ್ ಕೂಡ. ನೇರ ದಾರಿ ಇಲ್ಲದಿದ್ದರೆ ಸುತ್ತು ದಾರಿ ಯಾವುದು ಎಂಬಲ್ಲಿ ಅವರು ಬೇರೆಯಾಗುತ್ತಾರೆ. ಓದುವಾಗ ಹುಡುಕಬೇಕಾದದ್ದು ಆ ಸುತ್ತು ದಾರಿಯನ್ನು.

ಫಿಲಾಸಫಿಯನ್ನು ಕಾಲೇಜಿನಲ್ಲಿ ಓದಿರಬೇಕು ಎಂದೇನಿಲ್ಲ. ಇಂಗ್ಲಿಷ್ ನಿಧಾನವಾಗಿಯಾದರೂ ಓದಲು ಬಂದರೆ ಸಾಕು. ಮೂಲಗಳು ಬಹುತೇಕ ಪುಕ್ಕಟೆ ಸಿಗುತ್ತವೆ. ಜೊನಾಥನ್ ಬೆನೆಟ್ ಎಂಬ ಪ್ರಾಧ್ಯಾಪಕರು ಈ ಕಾಲದ ಪುಸ್ತಕಗಳನ್ನು ಇಂದಿನ ಸರಳ ಇಂಗ್ಲಿಷಿಗೆ ತಂದು ‘ಅರ್ಲಿ ಮಾಡರ್ನ್ ಟೆಕ್ಸ್ಟ್ಸ್’ ಎಂಬ ಜಾಲತಾಣದಲ್ಲಿ ಇಟ್ಟಿದ್ದಾರೆ. ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯಗಳಿಗೆ ಹೆದರುವವರು ಅಲ್ಲಿಂದ ಶುರು ಮಾಡಿ. ಹಾಬ್ಸ್ ಮತ್ತು ಹ್ಯೂಮ್ ಮಾತ್ರ ಒಮ್ಮೆಯಾದರೂ ಅವರದೇ ಮಾತಿನಲ್ಲಿ ಓದಬೇಕು. ಇಬ್ಬರ ಗದ್ಯವೂ ಅಷ್ಟು ಚೆನ್ನಾಗಿದೆ.

ಹಂತ 1: ಒಂದೇ ಭಾವ ಆರಿಸಿಕೊಳ್ಳಿ

ಈ ಪುಸ್ತಕಗಳಲ್ಲಿ ಭಾವಗಳ ಪಟ್ಟಿ ಉದ್ದ. ಸ್ಪಿನೋಜಾ ಒಬ್ಬನೇ ತನ್ನ ‘ಎಥಿಕ್ಸ್’ ಪುಸ್ತಕದ ಮೂರನೇ ಭಾಗದ ಕೊನೆಯಲ್ಲಿ 48 ವ್ಯಾಖ್ಯೆ ಕೊಡುತ್ತಾನೆ. ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳಲು ಹೋದರೆ ಸುಸ್ತಾಗಿ ಪುಸ್ತಕ ಮುಚ್ಚುತ್ತೀರಿ. ಒಂದನ್ನು ಹಿಡಿದು ಎಲ್ಲರ ಹತ್ತಿರವೂ ಹೋಗಿ. ನಾನು ಹೇಳುವುದು ಸಿಟ್ಟು. ಅದು ಎಲ್ಲರ ಪುಸ್ತಕದಲ್ಲೂ ಇದೆ, ಪ್ರತಿಯೊಬ್ಬನೂ ಅದರ ಬಗ್ಗೆ ವಿಚಿತ್ರವಾದ ಏನನ್ನಾದರೂ ಹೇಳುತ್ತಾನೆ, ಮತ್ತು ಸಿಟ್ಟು ಅಂದರೇನು ಎಂದು ನಿಮಗೆ ಯಾರೂ ವಿವರಿಸಬೇಕಿಲ್ಲ.

ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಲೇಖಕನಿಗೆ ಒಂದು ಪುಟ ಬಿಡಿ. ಮೂರೇ ಪ್ರಶ್ನೆ: ಸಿಟ್ಟು ಎಲ್ಲಿಂದ ಬರುತ್ತದೆ? ಅದು ಸರಿ ಅಥವಾ ತಪ್ಪು ಆಗುವಂಥದ್ದೇ? ಅದರ ಮೇಲೆ ಬುದ್ಧಿ ಯಾವ ದಾರಿಯಲ್ಲಿ ಕೆಲಸ ಮಾಡುತ್ತದೆ? ಮೂರನೆಯದಕ್ಕೆ ಜಾಸ್ತಿ ಜಾಗ ಬಿಡಿ.

ಹಂತ 2: ಪುಸ್ತಕಕ್ಕಿಂತ ಮೊದಲು ಕಾಗದಗಳು

ಡೆಕಾರ್ಟ್‌ನ ‘ಆತ್ಮದ ಭಾವಗಳು’ 1649ರಲ್ಲಿ ಅಚ್ಚಾಯಿತು. ಅದನ್ನು ಮೊದಲೇ ತೆರೆಯಬೇಡಿ. ಆ ಪುಸ್ತಕ ಹುಟ್ಟಿದ್ದೇ ಒಬ್ಬಳ ಒತ್ತಾಯದಿಂದ. ಅವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ಅವಳ ಅಪ್ಪ ಐದನೇ ಫ್ರೆಡರಿಕ್ ಬೊಹೀಮಿಯಾದ ಸಿಂಹಾಸನದಲ್ಲಿ ಒಂದು ಚಳಿಗಾಲ ಕೂತಿದ್ದ, 1620ರ ಯುದ್ಧದಲ್ಲಿ ಸೋತು ಎಲ್ಲವನ್ನೂ ಕಳೆದುಕೊಂಡ. ಮನೆಯವರೆಲ್ಲ ಹಾಲೆಂಡಿನ ಹೇಗ್‌ನಲ್ಲಿ ಆಶ್ರಯ ಪಡೆದಿದ್ದರು. 1643ರಲ್ಲಿ, 24ನೇ ವಯಸ್ಸಿನಲ್ಲಿ, ಅವಳು ಡೆಕಾರ್ಟ್‌ಗೆ ಮೊದಲ ಕಾಗದ ಬರೆದಳು. ಆತ್ಮ ಬರೀ ಯೋಚಿಸುವ ವಸ್ತು ಆದರೆ ಅದು ದೇಹವನ್ನು ಅಲುಗಾಡಿಸುವುದು ಹೇಗೆ ಎಂಬ ಪ್ರಶ್ನೆ. ಇಂದಿಗೂ ಡೆಕಾರ್ಟ್ ಪಾಠ ಮಾಡುವವರನ್ನು ಕಾಡುವ ಪ್ರಶ್ನೆ ಅದು.

ನಮಗೆ ಬೇಕಾದದ್ದು 1645ರ ಮೇ ತಿಂಗಳಿಂದ 1646ರ ಏಪ್ರಿಲ್‌ವರೆಗಿನ ಕಾಗದಗಳು. ಎಲಿಜಬೆತ್‌ಗೆ ಬಿಡದ ಸಣ್ಣ ಜ್ವರ, ಒಣ ಕೆಮ್ಮು. ಅದಕ್ಕೆ ಮೂಲ ದುಃಖ ಎಂದು ಡೆಕಾರ್ಟ್ ಬರೆಯುತ್ತಾನೆ. ತನಗೂ ಅಮ್ಮನಿಂದ ಒಣ ಕೆಮ್ಮು ಬಂದಿತ್ತು, ವೈದ್ಯರು ಇವನು ಹೆಚ್ಚು ದಿನ ಬದುಕುವುದಿಲ್ಲ ಎಂದಿದ್ದರು, ಆದರೆ ಎಲ್ಲದರ ಒಳ್ಳೆಯ ಮುಖವನ್ನೇ ನೋಡುವ ಸ್ವಭಾವದಿಂದ ಅದು ಕ್ರಮೇಣ ಹೋಯಿತು ಎನ್ನುತ್ತಾನೆ. ಕಾಡಿನ ಹಸಿರು, ಹೂವಿನ ಬಣ್ಣ, ಹಕ್ಕಿಯ ಹಾರಾಟ ನೋಡುತ್ತಾ ಏನನ್ನೂ ಯೋಚಿಸದೆ ಇರುವವರಂತೆ ಇರಿ ಎಂಬ ಸಲಹೆ ಕೊಡುತ್ತಾನೆ. ಆಮೇಲೆ ಇಬ್ಬರೂ ಪ್ರಾಚೀನ ರೋಮಿನ ತತ್ವಜ್ಞಾನಿ ಸೆನೆಕಾನ ‘ಸುಖದ ಬದುಕು’ ಓದಲು ಶುರು ಮಾಡುತ್ತಾರೆ.

ಆಗಸ್ಟ್ 16ರ ಅವಳ ಉತ್ತರವನ್ನು ಎರಡು ಸಲ ಓದಿ. ಸುಖ ನಮ್ಮ ಇಚ್ಛೆಯ ಕೈಯಲ್ಲೇ ಇದೆ ಎನ್ನುತ್ತೀರಿ, ಆದರೆ ಯೋಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುವ ಕಾಯಿಲೆಗಳು ಇವೆಯಲ್ಲ ಎಂದು ಅವಳು ಕೇಳುತ್ತಾಳೆ. ನನ್ನ ಲೆಕ್ಕದಲ್ಲಿ ಈ ನೂರು ವರ್ಷದ ಅತಿ ಗಟ್ಟಿಯಾದ ಆಕ್ಷೇಪ ಇದು. ಬುದ್ಧಿಯನ್ನು ಬಳಸಿ ಭಾವವನ್ನು ಸರಿಪಡಿಸಿಕೋ ಎನ್ನುವ ಯಾರಿಗಾದರೂ ಕೇಳಬಹುದು: ಬುದ್ಧಿಯೇ ಕೈಕೊಟ್ಟಿದ್ದರೆ? ಡೆಕಾರ್ಟ್ ಸೆಪ್ಟೆಂಬರಿನಲ್ಲಿ ಇದನ್ನು ಒಪ್ಪಿಕೊಳ್ಳುತ್ತಾನೆ. ಅದೇ ತಿಂಗಳು ಅವಳು, ಭಾವಗಳು ಅಂದರೆ ಏನೆಂದು ಸರಿಯಾಗಿ ವ್ಯಾಖ್ಯೆ ಮಾಡಿಕೊಡಿ ಎನ್ನುತ್ತಾಳೆ. ಪುಸ್ತಕದ ಕರಡು ತಯಾರಾಗುವುದು ಆ ಚಳಿಗಾಲದಲ್ಲಿ. ಕರಡು ಓದಿ 1646ರ ಏಪ್ರಿಲಿನಲ್ಲಿ ಅವಳು ಬರೆದ ಟೀಕೆಯೂ ಚುರುಕಾಗಿದೆ: ಮೊದಲೇ ಸಿದ್ಧವಾಗಿರಿ ಎಂದರೆ, ಬದುಕಿನಲ್ಲಿ ಬರಬಹುದಾದ ಆಕಸ್ಮಿಕಗಳನ್ನೆಲ್ಲ ಮೊದಲೇ ಊಹಿಸುವುದು ಹೇಗೆ?

ಅವಳ ಕಾಗದಗಳು ಅಚ್ಚಾದದ್ದು 1879ರಲ್ಲಿ. ಅಂದರೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಜನ ಓದಿದ್ದು ಡೆಕಾರ್ಟ್‌ನ ಉತ್ತರಗಳನ್ನು ಮಾತ್ರ. ಅವನು ಭಾವಗಳನ್ನು ಅರ್ಥ ಮಾಡಿಕೊಳ್ಳದ ಒಣ ಬುದ್ಧಿವಾದಿ ಎಂಬ ಹೆಸರು ಅಂಟಿಕೊಳ್ಳಲು ಇದೂ ಒಂದು ಕಾರಣ ಇರಬಹುದು ಎಂಬುದು ನನ್ನ ಅನುಮಾನ.

ಹಂತ 3: ಡೆಕಾರ್ಟ್‌ನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು

ಪುಸ್ತಕದಲ್ಲಿ ಮೂರು ಭಾಗ, ಒಟ್ಟು 212 ಪುಟ್ಟ ಪರಿಚ್ಛೇದಗಳು. ಮೊದಲ ಭಾಗದಲ್ಲಿ ರಕ್ತ, ನರ, ಅವುಗಳಲ್ಲಿ ಹರಿಯುವ ಸೂಕ್ಷ್ಮ ಕಣಗಳು, ಆತ್ಮ ದೇಹವನ್ನು ಮುಟ್ಟುವ ಜಾಗ ಎಂದು ಅವನು ನಂಬಿದ್ದ, ಮಿದುಳಿನ ನಡುವಿನ ಪೀನಿಯಲ್ ಗ್ರಂಥಿ ಎಲ್ಲ ಬರುತ್ತದೆ. ಇದನ್ನು ಬೇಗ ಓದಿ ಮುಂದೆ ಹೋಗಿ. ಈ ಶರೀರಶಾಸ್ತ್ರ ಇಂದು ನಿಲ್ಲುವುದಿಲ್ಲ. ಆದರೂ ಪೂರ್ತಿ ಬಿಡಬೇಡಿ. ಭಾವಗಳ ಬಗ್ಗೆ ನಾನು ಭಾಷಣಕಾರನಾಗಿಯೋ ನೀತಿಬೋಧಕನಾಗಿಯೋ ಬರೆಯುತ್ತಿಲ್ಲ, ಪ್ರಕೃತಿಯನ್ನು ಅಧ್ಯಯನ ಮಾಡುವವನಾಗಿ ಬರೆಯುತ್ತಿದ್ದೇನೆ ಎಂದು ಅವನೇ ಪುಸ್ತಕದ ಆರಂಭದಲ್ಲಿ ಹೇಳುತ್ತಾನೆ.

ನಿಲ್ಲಬೇಕಾದ ಜಾಗ 45ರಿಂದ 50. ಇಚ್ಛೆಯಿಂದ ಭಾವವನ್ನು ನೇರವಾಗಿ ಎಬ್ಬಿಸಲೂ ಆಗದು, ಓಡಿಸಲೂ ಆಗದು ಎಂದು 45ರಲ್ಲಿ ಖಡಾಖಂಡಿತವಾಗಿ ಬರೆದಿದ್ದಾನೆ. ಧೈರ್ಯ ಬೇಕು ಎಂದುಕೊಂಡರೆ ಧೈರ್ಯ ಬರುವುದಿಲ್ಲ. ಅಪಾಯ ಅಷ್ಟು ದೊಡ್ಡದಲ್ಲ, ಓಡುವುದಕ್ಕಿಂತ ನಿಲ್ಲುವುದೇ ಕ್ಷೇಮ, ಓಡಿದರೆ ಆಮೇಲೆ ನಾಚಿಕೆ ಎಂಬ ಕಾರಣಗಳನ್ನು ಮನಸ್ಸಿನ ಮುಂದೆ ತಂದು ನಿಲ್ಲಿಸಬೇಕು. ಯಾಕೆ ಹೀಗೆ ಎಂಬುದಕ್ಕೆ 46ರಲ್ಲಿ ಉತ್ತರ ಇದೆ. ಭಾವದ ಜೊತೆ ಹೃದಯ, ರಕ್ತ ಎಲ್ಲ ಕದಡಿರುತ್ತದೆ. ಸಣ್ಣ ಸದ್ದನ್ನು ಬೇರೆ ಕಡೆ ಗಮನ ಕೊಟ್ಟು ಮರೆಯಬಹುದು, ಗುಡುಗನ್ನು ಮರೆಯಲಾಗದು. ಆದರೂ ಸಿಟ್ಟು ಕೈ ಎತ್ತಿಸಿದಾಗ ಕೈಯನ್ನು ತಡೆಯಬಹುದು. ಭಾವದ ಮೇಲೆ ಅಧಿಕಾರ ಇಲ್ಲ, ಕೈ ಮೇಲೆ ಇದೆ.

50ರಲ್ಲಿ ಬೇಟೆನಾಯಿ ಬರುತ್ತದೆ. ಹಕ್ಕಿ ಕಂಡರೆ ನುಗ್ಗುವುದು, ಗುಂಡಿನ ಸದ್ದಿಗೆ ಓಡಿಹೋಗುವುದು ನಾಯಿಯ ಸ್ವಭಾವ. ಆದರೆ ಪಳಗಿಸಿದರೆ ಅದೇ ನಾಯಿ ಹಕ್ಕಿ ಕಂಡು ನಿಲ್ಲುತ್ತದೆ, ಗುಂಡು ಹಾರಿದಾಗ ಹಕ್ಕಿಯ ಕಡೆಗೆ ಓಡುತ್ತದೆ. ಬುದ್ಧಿ ಇಲ್ಲದ ಪ್ರಾಣಿಗೇ ಇದು ಸಾಧ್ಯವಾದರೆ, ಅತಿ ದುರ್ಬಲ ಮನಸ್ಸಿನವರೂ ಅಭ್ಯಾಸದಿಂದ ಭಾವಗಳ ಮೇಲೆ ಪೂರ್ಣ ಹಿಡಿತ ಗಳಿಸಬಹುದು ಎಂಬುದು ಅವನ ವಾದ. ಈ ‘ಪೂರ್ಣ’ದ ಪಕ್ಕದಲ್ಲಿ ಎಲಿಜಬೆತ್‌ಳ ಆಗಸ್ಟ್ ಕಾಗದವನ್ನು ಇಟ್ಟು ನೋಡಿ.

ಮುಂದೆ 69. ಆರು ಮೂಲ ಭಾವಗಳು: ಬೆರಗು, ಪ್ರೀತಿ, ದ್ವೇಷ, ಬಯಕೆ, ಸಂತೋಷ, ದುಃಖ. ಆರು ಅಂದ ಕೂಡಲೇ ನಮಗೆ ಅರಿಷಡ್ವರ್ಗ ನೆನಪಾಗುತ್ತದೆ, ಅಲ್ವಾ? ಅಲ್ಲೇ ಎಡವುವುದು. ಇವು ವೈರಿಗಳಲ್ಲ. ಎಲ್ಲ ಭಾವಗಳೂ ಸ್ವಭಾವತಃ ಒಳ್ಳೆಯವೇ, ತಪ್ಪು ಬಳಕೆ ಮತ್ತು ಅತಿರೇಕ ಬಿಟ್ಟರೆ ತಪ್ಪಿಸಬೇಕಾದದ್ದು ಏನೂ ಇಲ್ಲ ಎಂದು 211 ಹೇಳುತ್ತದೆ. ಭಾವಗಳು ಹೆಚ್ಚು ತಟ್ಟುವವರೇ ಈ ಬದುಕಿನ ಸವಿಯನ್ನು ಹೆಚ್ಚು ಉಣ್ಣಬಲ್ಲರು ಎಂದು ಕೊನೆಯ ಪರಿಚ್ಛೇದ.

ಸಿಟ್ಟಿನ ಪುಟಕ್ಕೆ 199ರಿಂದ 203. ಮುಖ ಕೆಂಪಾಗುವ ಸಿಟ್ಟಿಗಿಂತ ಮುಖ ಬಿಳಿಚುವ ಸಿಟ್ಟು ಅಪಾಯ ಎನ್ನುತ್ತಾನೆ. ಮೊದಲನೆಯದು ಭಗ್ಗೆಂದು ಎದ್ದು ಆರುತ್ತದೆ, ಎರಡನೆಯದು ಒಳಗೇ ಬೇಯುತ್ತದೆ. 211ರ ಮದ್ದು ಇನ್ನೂ ಉಪಯೋಗಕ್ಕೆ ಬರುವಂಥದ್ದು. ರಕ್ತ ಬಿಸಿಯಾಗಿದೆ ಎಂದು ಗೊತ್ತಾದಾಗ, ಈಗ ಮನಸ್ಸಿಗೆ ತೋರುವುದೆಲ್ಲ ಮೋಸ ಮಾಡುವ ಸಾಧ್ಯತೆ ಇದೆ ಎಂದು ನೆನಪಿಸಿಕೊಳ್ಳಿ. ಕಾಯಬಹುದಾದ ವಿಷಯ ಆದರೆ ತೀರ್ಮಾನ ಮುಂದೂಡಿ, ಬೇರೆ ಏನಾದರೂ ಯೋಚಿಸಿ. ತಕ್ಷಣ ನಿರ್ಧರಿಸಲೇಬೇಕಾದರೆ, ಭಾವ ಹೇಳುತ್ತಿರುವುದಕ್ಕೆ ಎದುರಾದ ಕಾರಣಗಳನ್ನು ಹುಡುಕಿ ನೋಡಿ.

ಹಂತ 4: ಹಾಬ್ಸ್, ಒಂದು ಸಂಜೆಗೆ

1651ರ ‘ಲೆವಯಥನ್’ ದಪ್ಪ ಪುಸ್ತಕ. ನಮಗೆ 6, 8 ಮತ್ತು 13ನೇ ಅಧ್ಯಾಯ ಸಾಕು. ಇಲ್ಲಿ ಆತ್ಮವೂ ಇಲ್ಲ, ಗ್ರಂಥಿಯೂ ಇಲ್ಲ. ಯಾವುದೋ ಕಡೆಗೆ ಎಳೆತ, ಯಾವುದರಿಂದಲೋ ದೂರ ಸರಿಯುವಿಕೆ, ಎಲ್ಲ ಭಾವವೂ ಇವೆರಡರಿಂದಲೇ. ಸಿಟ್ಟಿಗೆ ಅವನದು ಚುಟುಕು ವ್ಯಾಖ್ಯೆ: ಹಠಾತ್ ಧೈರ್ಯ. ಇಚ್ಛೆ ಅಂದರೆ ತೂಗಾಟದಲ್ಲಿ ಕೊನೆಗೆ ಉಳಿದ ಆಸೆ, ಅಷ್ಟೇ. 8ನೇ ಅಧ್ಯಾಯದಲ್ಲಿ ಯೋಚನೆಗಳನ್ನು ಆಸೆಗಳ ಬೇಹುಗಾರರು ಎಂದು ಕರೆಯುತ್ತಾನೆ, ಬೇಕಾದದ್ದಕ್ಕೆ ದಾರಿ ಹುಡುಕಲು ಹೊರಟವರು. ಹ್ಯೂಮ್‌ನ ‘ಬುದ್ಧಿ ಭಾವಗಳ ಗುಲಾಮ’ ಎಂಬ ಪ್ರಸಿದ್ಧ ಸಾಲಿಗಿಂತ ಎಂಟು ದಶಕಕ್ಕೂ ಹೆಚ್ಚು ಮೊದಲು ಬರೆದದ್ದು ಇದು. 13ರ ಕೊನೆಯಲ್ಲಿ, ಮನುಷ್ಯರನ್ನು ಶಾಂತಿಯ ಕಡೆ ತಳ್ಳುವುದೂ ಭಾವಗಳೇ: ಸಾವಿನ ಭಯ, ಅನುಕೂಲದ ಬದುಕಿನ ಆಸೆ, ದುಡಿದರೆ ಅದು ಸಿಗುತ್ತದೆ ಎಂಬ ಭರವಸೆ. ಅದಕ್ಕೆ ಬೇಕಾದ ಷರತ್ತುಗಳನ್ನು ಬುದ್ಧಿ ಸೂಚಿಸುತ್ತದೆ.

ಹಂತ 5: ಸ್ಪಿನೋಜಾ, ಅವಸರ ಬೇಡ

ಸಮಯವನ್ನು ಜಾಸ್ತಿ ಕೊಡಬೇಕಾದದ್ದು ಇಲ್ಲಿ. ‘ಎಥಿಕ್ಸ್’ ಅವನು ತೀರಿಕೊಂಡ ವರ್ಷವೇ, 1677ರಲ್ಲಿ, ಸಾವಿನ ನಂತರ ಹೊರಬಂತು. ರೇಖಾಗಣಿತದ ಪುಸ್ತಕದ ಹಾಗೆ ವ್ಯಾಖ್ಯೆ, ಪ್ರಮೇಯ, ಸಾಧನೆ ಎಂದು ಬರೆದಿದ್ದಾನೆ. ಮೊದಲ ಪುಟದಿಂದ ಶುರು ಮಾಡಿದವರು ಹೆಚ್ಚಿನವರು ಮೊದಲ ಭಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನೀವು ಮುನ್ನುಡಿಗಳು ಮತ್ತು ಪ್ರಮೇಯಗಳ ಕೆಳಗಿನ ಟಿಪ್ಪಣಿಗಳಿಂದ ಶುರು ಮಾಡಿ. ಅಲ್ಲಿ ಅವನು ಗಣಿತ ಬಿಟ್ಟು ಮಾತಾಡುತ್ತಾನೆ, ಕೆಲವೊಮ್ಮೆ ರೇಗುತ್ತಾನೆ ಕೂಡ.

ಮೊದಲು ಮೂರನೇ ಭಾಗದ ಮುನ್ನುಡಿ. ಮನುಷ್ಯರ ಭಾವಗಳನ್ನು ಬೈಯುವುದಾಗಲೀ ಗೇಲಿ ಮಾಡುವುದಾಗಲೀ ಬೇಡ, ರೇಖೆ, ಸಮತಲ, ಘನಾಕೃತಿಗಳನ್ನು ನೋಡುವಂತೆ ನೋಡುತ್ತೇನೆ ಎನ್ನುತ್ತಾನೆ. ನಂತರ ಅದೇ ಭಾಗದ 2ನೇ ಪ್ರಮೇಯದ ಟಿಪ್ಪಣಿ. ಹಾಲಿಗೆ ಅಳುವ ಮಗು, ಸೇಡಿಗೆ ಹಾತೊರೆಯುವ ಸಿಟ್ಟಿನ ಹುಡುಗ, ಕುಡಿದು ಬಡಬಡಿಸುವವನು, ಎಲ್ಲರೂ ತಮ್ಮ ಸ್ವಂತ ಇಚ್ಛೆಯಿಂದಲೇ ಮಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. 9 ಮತ್ತು 11ರ ಟಿಪ್ಪಣಿಗಳನ್ನು ಓದಿದರೆ ಅವನ ಮೂರು ಮೂಲ ಭಾವಗಳು ಸಿಗುತ್ತವೆ: ಬಯಕೆ, ಸಂತೋಷ, ದುಃಖ.

ಈಗ ನಾಲ್ಕನೇ ಭಾಗ, ಪ್ರಮೇಯ 1, 7 ಮತ್ತು 14. ಸೂರ್ಯ ಇನ್ನೂರು ಅಡಿ ದೂರದಲ್ಲಿದ್ದಂತೆ ಕಾಣುತ್ತಾನೆ. ನಿಜವಾದ ದೂರ ಗೊತ್ತಾದ ಮೇಲೂ ಹಾಗೇ ಕಾಣುತ್ತಾನೆ. ಸತ್ಯ ಗೊತ್ತಾಯಿತು ಎಂದ ಮಾತ್ರಕ್ಕೆ ಭಾವ ಜಾಗ ಖಾಲಿ ಮಾಡುವುದಿಲ್ಲ. ಒಂದು ಭಾವವನ್ನು ತಡೆಯಬಲ್ಲದ್ದು ಅದಕ್ಕೆ ಎದುರಾದ, ಅದಕ್ಕಿಂತ ಬಲವಾದ ಇನ್ನೊಂದು ಭಾವ ಮಾತ್ರ ಎಂದು 7 ಹೇಳುತ್ತದೆ. ಒಳಿತು ಕೆಡುಕಿನ ತಿಳುವಳಿಕೆ ಕೆಲಸ ಮಾಡುವುದು ಅದು ನಿಜ ಎಂಬ ಕಾರಣಕ್ಕಲ್ಲ, ಅದೂ ಒಂದು ಭಾವವಾಗಿ ತಟ್ಟಿದಾಗ ಮಾತ್ರ ಎಂದು 14. ಬುದ್ಧಿವಾದಿ ಎಂದು ಹಣೆಪಟ್ಟಿ ಅಂಟಿಸಿಕೊಂಡವನ ಮಾತು ಇದು. ನೋಟ್‌ಬುಕ್ಕಿನಲ್ಲಿ ಇದರ ಕೆಳಗೆ ಗೆರೆ ಎಳೆಯಿರಿ, ಹ್ಯೂಮ್ ಬಂದಾಗ ಬೇಕಾಗುತ್ತದೆ.

ಹಾಗಾದರೆ ಮದ್ದು? ಐದನೇ ಭಾಗ. ಮುನ್ನುಡಿಯಲ್ಲಿ ಡೆಕಾರ್ಟ್‌ನ ಗ್ರಂಥಿಯನ್ನು ಚೆನ್ನಾಗಿ ಆಡಿಕೊಳ್ಳುತ್ತಾನೆ. ಪ್ರಮೇಯ 3ರಲ್ಲಿ, ನಮ್ಮನ್ನು ಹಿಡಿದಿರುವ ಭಾವದ ಬಗ್ಗೆ ಸ್ಪಷ್ಟವಾದ ತಿಳುವಳಿಕೆ ಮೂಡಿದರೆ ಅದು ನಮ್ಮನ್ನು ಹಿಡಿದಿಡುವುದನ್ನು ನಿಲ್ಲಿಸುತ್ತದೆ ಎನ್ನುತ್ತಾನೆ. ಇದು ಕೇಳಲು ಚೆಂದ, ಆದರೆ ನಾಲ್ಕನೇ ಭಾಗದ ಮಾತಿಗೆ ಹೇಗೆ ಹೊಂದುತ್ತದೆ? ವಿದ್ವಾಂಸರು ಇಂದಿಗೂ ಜಗಳವಾಡುವ ಜಾಗ. ಉತ್ತರ ಸಿಗದಿದ್ದರೆ ಅಲ್ಲೇ ಕೂರಬೇಡಿ, 10ರ ಟಿಪ್ಪಣಿಗೆ ಹೋಗಿ. ಇಡೀ ಓದಿನಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪುಟ ಅದು. ಪೂರ್ಣ ತಿಳುವಳಿಕೆ ಬರುವವರೆಗೆ ಏನು ಮಾಡಬೇಕು ಎಂದರೆ, ಬದುಕಿಗೆ ಕೆಲವು ನಿಯಮ ಮಾಡಿಕೊಂಡು, ಬಾಯಿಪಾಠ ಮಾಡಿ, ಪದೇ ಪದೇ ಎದುರಾಗುವ ಸಂದರ್ಭಗಳಿಗೆ ಅವನ್ನು ಹೊಂದಿಸಿ ನೋಡುತ್ತಿರಬೇಕು. ಯಾರಾದರೂ ಅವಮಾನ ಮಾಡಿದರೆ ಹೇಗೆ ನಡೆದುಕೊಳ್ಳುತ್ತೇನೆ ಎಂದು ಅವಮಾನ ಆಗುವ ಮೊದಲೇ ಮತ್ತೆ ಮತ್ತೆ ಯೋಚಿಸಿರಬೇಕು. ಆಗ ಸಿಟ್ಟು ಬಂದರೂ ಅದು ಮನಸ್ಸಿನ ಸಣ್ಣ ಭಾಗವನ್ನಷ್ಟೇ ತುಂಬುತ್ತದೆ. ಅದೇ ಟಿಪ್ಪಣಿಯಲ್ಲಿ ಒಂದು ತಮಾಷೆಯೂ ಇದೆ: ಪ್ರೇಯಸಿ ದೂರ ಇಟ್ಟಾಗ ಹೆಂಗಸರ ಚಂಚಲತೆಯನ್ನು ಬೈಯುವವನು, ಅವಳು ಮತ್ತೆ ಕರೆದ ಕೂಡಲೇ ಎಲ್ಲವನ್ನೂ ಮರೆಯುತ್ತಾನೆ.

ಸ್ಪಿನೋಜಾಗೂ ಸಿಟ್ಟು ಬರುತ್ತಿತ್ತು. 1672ರಲ್ಲಿ ಹೇಗ್‌ನಲ್ಲಿ ಜನರ ಗುಂಪು ಡಚ್ ರಾಜಕಾರಣಿಗಳಾದ ಡಿ ವಿಟ್ ಸಹೋದರರನ್ನು ಕೊಂದಾಗ, ಕೊಂದವರನ್ನು ಅನಾಗರಿಕರು ಎಂದು ಖಂಡಿಸುವ ಫಲಕ ಹಿಡಿದು ಅಲ್ಲಿಗೇ ಹೊರಟಿದ್ದ, ಮನೆ ಮಾಲೀಕ ಬಾಗಿಲು ಹಾಕಿ ತಡೆದ ಎಂದು ಜರ್ಮನ್ ತತ್ವಜ್ಞಾನಿ ಲೈಬ್ನಿಜ್ ಬರೆದಿಟ್ಟಿದ್ದಾನೆ. ಆ ದಿನ ತಡೆದದ್ದು ಬುದ್ಧಿಯಲ್ಲ, ಬಾಗಿಲು.

ಹಂತ 6: ಲಾಕ್, ಸ್ವಲ್ಪವೇ

ಲಾಕ್‌ನ ದೊಡ್ಡ ಪ್ರಬಂಧ ‘ಆನ್ ಎಸ್ಸೇ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್’ನ ಎರಡನೇ ಪುಸ್ತಕ, 21ನೇ ಅಧ್ಯಾಯ, 31ರಿಂದ 47ನೇ ಪರಿಚ್ಛೇದ. ಒಳ್ಳೆಯದು ಕಂಡರೆ ಇಚ್ಛೆ ಅತ್ತ ಹೋಗುತ್ತದೆ ಎಂದು ಮೊದಲು ಬರೆದಿದ್ದವನು 1694ರ ಎರಡನೇ ಆವೃತ್ತಿಯಲ್ಲಿ ಅದನ್ನು ಬದಲಿಸಿದ. ನಮ್ಮನ್ನು ಎಬ್ಬಿಸುವುದು ಒಳಗಿನ ತಳಮಳ. ಆರೋಗ್ಯ, ಆಸ್ತಿ ಕರಗುತ್ತಿದೆ ಎಂದು ಗೊತ್ತಿದ್ದೂ ಕುಡುಕ ಮತ್ತೆ ಹೆಂಡದಂಗಡಿಗೆ ಹೋಗುವುದು ಹಾಗೆ. ಆದರೆ ನಮಗೆ ಒಂದು ಶಕ್ತಿ ಇದೆ, ಆಸೆಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿ ಎಲ್ಲ ಕಡೆಯಿಂದ ನೋಡುವುದು. ಸ್ವಾತಂತ್ರ್ಯ ಇರುವುದೇ ಅಲ್ಲಿ ಎನ್ನುತ್ತಾನೆ. ಇದನ್ನು ಡೆಕಾರ್ಟ್‌ನ 211ರ ಪಕ್ಕದಲ್ಲಿ ಬರೆದುಕೊಳ್ಳಿ.

ಹಂತ 7: ಹ್ಯೂಮ್‌ನ ಒಂದು ಸಾಲಲ್ಲ, ಇಡೀ ಅಧ್ಯಾಯ

ಹ್ಯೂಮ್ ತನ್ನ ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ನ ಬಹುಭಾಗ ಬರೆದದ್ದು ಫ್ರಾನ್ಸಿನ ಲಾ ಫ್ಲೆಶ್ ಪಟ್ಟಣದಲ್ಲಿ. ಡೆಕಾರ್ಟ್ ಹುಡುಗನಾಗಿದ್ದಾಗ ಓದಿದ ಜೆಸ್ಯೂಟ್ ಶಾಲೆ ಇದ್ದದ್ದೂ ಅಲ್ಲೇ. ಪುಸ್ತಕದ ಮೊದಲೆರಡು ಭಾಗ 1739ರಲ್ಲಿ ಬಂತು, ಆಗ ಅವನಿಗೆ 27.

ಎರಡನೇ ಪುಸ್ತಕ, ಮೂರನೇ ಭಾಗ, ಮೂರನೇ ಅಧ್ಯಾಯ ಓದಿ. ಕೆಲವೇ ಪುಟ. ಬುದ್ಧಿ ಭಾವಗಳ ಗುಲಾಮ, ಹಾಗೆಯೇ ಇರಬೇಕು ಎಂಬ ಸಾಲು ಇರುವುದು ಇಲ್ಲಿ. ಇದನ್ನು ಮನಸ್ಸಿಗೆ ಬಂದಂತೆ ಮಾಡಿ ಎಂದು ಓದುವವರು ಬಹಳ ಜನ. ಅವನು ಹೇಳುತ್ತಿರುವುದು ಬೇರೆ. ಬುದ್ಧಿ ಎರಡು ಕೆಲಸ ಮಾಡುತ್ತದೆ, ಲೆಕ್ಕ ಹಾಕುವುದು ಮತ್ತು ಕಾರಣದಿಂದ ಪರಿಣಾಮ ಕಂಡುಹಿಡಿಯುವುದು. ವ್ಯಾಪಾರಿ ಲೆಕ್ಕ ಮಾಡುವುದು ಸಾಲ ತೀರಿಸಬೇಕು ಎಂಬ ಬಯಕೆ ಇರುವುದರಿಂದ. ಆ ಬಯಕೆಯನ್ನು ಲೆಕ್ಕ ಹುಟ್ಟಿಸಲಾರದು. ಹುಟ್ಟಿಸಲಾರದ್ದು ತಡೆಯಲೂ ಆರದು.

ಸಿಟ್ಟಿನ ಪುಟಕ್ಕೆ ಬೇಕಾದ ಮಾತು ಅಲ್ಲೇ ಇದೆ. ನನಗೆ ಸಿಟ್ಟು ಬಂದಾಗ ಆ ಸಿಟ್ಟು ಬೇರೆ ಯಾವುದನ್ನೂ ಚಿತ್ರಿಸುತ್ತಿರುವುದಿಲ್ಲ, ಬಾಯಾರಿಕೆಯೋ ಐದಡಿಗಿಂತ ಎತ್ತರವೋ ಏನನ್ನೂ ಚಿತ್ರಿಸದ ಹಾಗೆ ಎನ್ನುತ್ತಾನೆ. ಆದ್ದರಿಂದ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಇಲ್ಲಿ ನಿಂತು ತಕರಾರು ತೆಗೆಯಿರಿ. ಅವಮಾನ ಆಯಿತು ಎಂಬ ನಂಬಿಕೆ ಇಲ್ಲದೆ ಸಿಟ್ಟು ಬರುತ್ತದೆಯೇ? ನನಗಂತೂ ಹ್ಯೂಮ್ ಇಲ್ಲಿ ವಾದ ಗೆಲ್ಲುವ ಭರದಲ್ಲಿ ಹೆಚ್ಚು ಹೇಳಿಬಿಟ್ಟ ಎನಿಸುತ್ತದೆ. ಮುಂದಿನ ಪ್ಯಾರಾಗಳಲ್ಲಿ ಅವನೇ ಬಾಗಿಲು ತೆರೆಯುತ್ತಾನೆ. ಒಂದು ಹಣ್ಣು ಬಲು ರುಚಿ ಎಂದುಕೊಂಡು ಆಸೆ ಪಡುತ್ತೀರಿ, ಹಾಗಲ್ಲ ಎಂದು ಗೊತ್ತಾದ ಕ್ಷಣ ಆಸೆ ತಾನಾಗಿ ನಿಲ್ಲುತ್ತದೆ. ತಪ್ಪು ನಂಬಿಕೆ ಹೋದರೆ ಭಾವ ಪ್ರತಿರೋಧವಿಲ್ಲದೆ ಬಿಟ್ಟುಕೊಡುತ್ತದೆ. ಗುಲಾಮನಿಗೆ ಇಷ್ಟೊಂದು ಅಧಿಕಾರವೇ ಎಂದು ಕೇಳಬಹುದು.

ಇನ್ನೊಂದು ಮಾತು ತಪ್ಪಿಸಿಕೊಳ್ಳಬೇಡಿ. ಕೆಲವು ಭಾವಗಳು ಶಾಂತವಾಗಿರುತ್ತವೆ, ಮಕ್ಕಳ ಮೇಲಿನ ಅಕ್ಕರೆ, ಜೀವದಾಸೆ, ಪರರ ಬಗ್ಗೆ ಕಾಳಜಿ ಇಂಥವು. ಸದ್ದು ಮಾಡುವುದಿಲ್ಲವಾದ್ದರಿಂದ ನಾವು ಅವನ್ನೇ ಬುದ್ಧಿ ಎಂದುಕೊಳ್ಳುತ್ತೇವೆ. ಗಟ್ಟಿ ಮನಸ್ಸು ಅಂದರೆ ಶಾಂತ ಭಾವಗಳು ಅಬ್ಬರದ ಭಾವಗಳನ್ನು ಮೀರಿ ನಿಲ್ಲುವುದು. ಈಗ ಸ್ಪಿನೋಜಾನ ಪುಟದಲ್ಲಿ ಗೆರೆ ಎಳೆದ ಸಾಲು ನೋಡಿ. ಇಬ್ಬರೂ ಎಷ್ಟು ಹತ್ತಿರ ಬಂದಿದ್ದಾರೆ, ಎಲ್ಲಿ ಬೇರೆಯಾಗುತ್ತಾರೆ ಎಂದು ನಿಮ್ಮದೇ ಮಾತಿನಲ್ಲಿ ಅರ್ಧ ಪುಟ ಬರೆಯಿರಿ. ಇಡೀ ಓದಿನಲ್ಲಿ ಕಷ್ಟದ ಕೆಲಸ ಇದೇ. ಅದು ಬಂದರೆ ಉಳಿದದ್ದು ಬಂದಂತೆ.

ಹಂತ 8: ಇನ್ನೂ ಹಸಿವಿದ್ದರೆ

ಹ್ಯೂಮ್‌ನ ಗೆಳೆಯ ಆಡಮ್ ಸ್ಮಿತ್ 1759ರಲ್ಲಿ ‘ನೈತಿಕ ಭಾವನೆಗಳ ಸಿದ್ಧಾಂತ’ ಪ್ರಕಟಿಸಿದ. ಅರ್ಥಶಾಸ್ತ್ರದ ಸ್ಮಿತ್ ಇವನೇ. ಮೊದಲ ಭಾಗದ ಆರಂಭದ ಅಧ್ಯಾಯಗಳು ಸಾಕು. ಈವರೆಗೆ ಸಿಟ್ಟು ಒಬ್ಬನ ಒಳಗಿನ ಸಂಗತಿಯಾಗಿತ್ತು. ಸ್ಮಿತ್ ನೋಡುತ್ತಿರುವವರನ್ನೂ ಕರೆತರುತ್ತಾನೆ. ಕಾರಣ ಗೊತ್ತಿಲ್ಲದೆ ಯಾರೋ ಕೂಗಾಡುವುದನ್ನು ಕಂಡರೆ ನಮಗೆ ಕೋಪ ಬರುವುದು ಅವನ ಶತ್ರುವಿನ ಮೇಲಲ್ಲ, ಅವನ ಮೇಲೇ. ಕೂಗಾಡುವವನಿಗೆ ಅದು ಗೊತ್ತು. ಹಾಗಾಗಿ ಇತರರು ಜೊತೆಗೂಡುವಷ್ಟರ ಮಟ್ಟಕ್ಕೆ ತನ್ನ ದನಿ ಇಳಿಸುತ್ತಾನೆ. ಇದು ಬುದ್ಧಿಯ ಕೆಲಸವೋ, ಮೆಚ್ಚುಗೆ ಬೇಕೆಂಬ ಭಾವದ ಕೆಲಸವೋ? ಸ್ಮಿತ್‌ನ ಪುಟದಲ್ಲಿ ಮೂರನೇ ಪ್ರಶ್ನೆಗೆ ಇನ್ನಷ್ಟು ಜಾಗ ಬಿಟ್ಟುಕೊಂಡು ಓದಲು ಕೂರಿ.